ಕಾರಿನ ಬಾಗಿಲ ಗಾಜು ಒಡೆದರೆ ದುಡ್ಡು ಎಲ್ಲೆಲ್ಲಿ ಹೋಗುತ್ತದೆ?

ಏಪ್ರಿಲ್ ಕೊನೆಯ ಒಂದು ಸಂಜೆ. ನೆರಳಿದೆಯಲ್ಲ ಎಂದು ಬಸವನಗುಡಿಯ ಅಡ್ಡರಸ್ತೆಯೊಂದರಲ್ಲಿ ಗುಲ್‌ಮೊಹರ್ ಮರದ ಕೆಳಗೆ ಕಾರು ನಿಲ್ಲಿಸಿದ್ದೆ. ಅರ್ಧ ಗಂಟೆ ಗಾಳಿಮಳೆ ಹೊಡೆದು ನಿಂತ ಮೇಲೆ ಬಂದು ನೋಡಿದರೆ, ತೋಳು ಗಾತ್ರದ ಕೊಂಬೆಯೊಂದು ಎಡಗಡೆಯ ಹಿಂಬಾಗಿಲಿಗೆ ಒರಗಿಕೊಂಡಿತ್ತು. ಗಾಜು ಇರಬೇಕಾದ ಜಾಗದಲ್ಲಿ ಗಾಜಿಲ್ಲ. ಸೀಟಿನ ತುಂಬ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಹರಳು. ಫೋನ್ ಮಾಡಿ ಕೇಳಿದಾಗ ಅಂಗಡಿಯವರು ಹೇಳಿದ್ದು, 'ಗ್ಲಾಸ್ ಸಾವಿರದ ಆರ್ನೂರು ಸಾರ್.' ಮಾರನೇ ದಿನ ಸಂಜೆ ನಾನು ಎಣಿಸಿ ಕೊಟ್ಟಿದ್ದು ₹4,900.

ಯಾರೂ ಮೋಸ ಮಾಡಿರಲಿಲ್ಲ. ಗಾಜಿನ ಬೆಲೆ ಕೇಳಿದ್ದೆ, ಗಾಜಿನ ಬೆಲೆ ಹೇಳಿದ್ದರು. ಬಿಲ್ಲಿನಲ್ಲಿ ಗಾಜು ₹1,600. ಅದನ್ನು ಏರಿಸಿ ಇಳಿಸುವ ರೆಗ್ಯುಲೇಟರ್, ಅಂದರೆ ಮೆಕ್ಯಾನಿಕ್‌ಗಳ ಬಾಯಲ್ಲಿ 'ಗ್ಲಾಸ್ ಮಿಷಿನ್', ₹1,750. ಗಾಜಿನ ಅಂಚಿಗೆ ಕೂರುವ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ₹650, ಕೂಲಿ ₹600, ಹರಳು ತೆಗೆದು ಒಳಗೆ ಸ್ವಚ್ಛ ಮಾಡಿದ್ದಕ್ಕೆ ₹300. ಇದು ಹಳೆಯದೊಂದು ಸಣ್ಣ ಹ್ಯಾಚ್‌ಬ್ಯಾಕ್‌ನ ಲೆಕ್ಕ. ನಿಮ್ಮ ಕಾರಿಗೆ ಅಂಕಿ ಬೇರೆಯಾದರೂ ಬಿಲ್ಲಿನ ಸಾಲುಗಳು ಹೆಚ್ಚುಕಮ್ಮಿ ಇವೇ. ಮೂಗಿಗಿಂತ ಮೂಗುತಿ ಭಾರವಾಗುವುದು ಯಾವ ಸಾಲಿನಲ್ಲಿ ಎಂದು ಮೊದಲೇ ಗೊತ್ತಿದ್ದರೆ ಒಂದಷ್ಟು ಉಳಿಸಬಹುದು.

ಮೊದಲ ಕೆಲಸ: ಸ್ವಿಚ್ ಮುಟ್ಟದಿರುವುದು

ಆ ₹1,750 ನನ್ನದೇ ಕೈಯ ಪ್ರತಾಪ. ಗಾಜು ಹೋಗಿದೆ ಎಂದು ಕಣ್ಣಿಗೆ ಕಾಣುತ್ತಿದ್ದರೂ ಪವರ್ ವಿಂಡೋ ಕೆಲಸ ಮಾಡುತ್ತದೆಯೇ ನೋಡೋಣ ಎಂದು ಸ್ವಿಚ್ ಒತ್ತಿದೆ. ಕಟಕಟ ಸದ್ದು ಬಂತು, ನಿಂತಿತು. ಒಡೆದ ಹರಳಿನಲ್ಲಿ ಅರ್ಧ ಭಾಗ ಸೀಟಿನ ಮೇಲಲ್ಲ, ಬಾಗಿಲಿನ ಹೊಟ್ಟೆಯೊಳಗೆ ಬಿದ್ದಿರುತ್ತದೆ. ಮಿಷಿನ್‌ನ ತೆಳು ಕೇಬಲ್ಲು ಅದರ ನಡುವೆ ಓಡಿದರೆ ಸಿಕ್ಕಿಕೊಳ್ಳುತ್ತದೆ, ಪ್ಲಾಸ್ಟಿಕ್ ರಾಟೆ ಮುರಿಯುತ್ತದೆ. ಸುಮ್ಮನಿದ್ದಿದ್ದರೆ ಹಳೇ ಮಿಷಿನ್ನೇ ಸಾಕಿತ್ತು.

ಸ್ವಿಚ್ ಬಿಟ್ಟು, ಒಳಗೂ ಹೊರಗೂ ನಾಲ್ಕಾರು ಫೋಟೊ ತೆಗೆಯಿರಿ. ನಂಬರ್ ಪ್ಲೇಟ್ ಕಾಣುವ ಹಾಗೆ ಒಂದಿರಲಿ. ಕೊಂಬೆಯೋ ಕಲ್ಲೋ ಇದ್ದರೆ ತೆಗೆದು ಬಿಸಾಡುವ ಮೊದಲು ಅದನ್ನೂ ಸೇರಿಸಿ. ಆಮೇಲೆ ದಪ್ಪ ಕೈಗವಸು ಹಾಕಿ ದೊಡ್ಡ ಹರಳು ಎತ್ತಿ, ಉಳಿದದ್ದನ್ನು ವ್ಯಾಕ್ಯೂಮ್‌ಗೆ ಬಿಡಿ. ಬಟ್ಟೆಯಿಂದ ಒರೆಸಿದರೆ ಸಣ್ಣ ಚೂರು ಸೀಟಿನ ನೇಯ್ಗೆಯೊಳಗೆ ಹೋಗಿ ಕೂರುತ್ತದೆ. ರಾತ್ರಿಗೆ ಮಳೆ ಇದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬಾಗಿಲಿನ ಚೌಕಟ್ಟಿಗೆ ಸಿಕ್ಕಿಸಿ ಬಾಗಿಲು ಹಾಕಿಕೊಳ್ಳಿ. ಪೇಂಟಿನ ಮೇಲೆ ಕಂದು ಟೇಪು ಅಂಟಿಸಿ ಎರಡು ದಿನ ಬಿಸಿಲಿಗೆ ಬಿಟ್ಟರೆ ಅದರ ಗೋಂದು ತೆಗೆಯುವುದೇ ಇನ್ನೊಂದು ಖರ್ಚು.

ಒಡೆದದ್ದು ಯಾವ ಗಾಜು?

ಬೆಲೆ ನಿರ್ಧಾರವಾಗುವುದು ಮುಖ್ಯವಾಗಿ ಇಲ್ಲಿ. ಮುಂದಿನ ವಿಂಡ್‌ಶೀಲ್ಡ್ ಎಂದರೆ ಎರಡು ಗಾಜಿನ ಹಾಳೆ, ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಇದು ಲ್ಯಾಮಿನೇಟೆಡ್ ಗಾಜು. ಕಲ್ಲು ಬಿದ್ದರೆ ಬಿರುಕು ಬಿಡುತ್ತದೆ, ಆದರೆ ಉದುರುವುದಿಲ್ಲ. ಸಣ್ಣ ಚುಕ್ಕೆಯಾಗಿದ್ದರೆ ಅಂಟು ತುಂಬಿ ಸರಿಮಾಡಲೂಬಹುದು. ಬಾಗಿಲ ಗಾಜು ಹಾಗಲ್ಲ. ಬಹುತೇಕ ಕಾರುಗಳಲ್ಲಿ ಅದು ಟಫನ್ಡ್ ಗಾಜು. 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಬದಿಗೆ ರಭಸದ ಗಾಳಿ ಊದಿ ಥಟ್ಟನೆ ತಣ್ಣಗೆ ಮಾಡುತ್ತಾರೆ. ಹೊರಮೈ ಮೊದಲು ಗಟ್ಟಿಯಾಗಿ, ಒಳಗಿನದು ನಿಧಾನಕ್ಕೆ ಕುಗ್ಗುತ್ತ ಹೊರಮೈಯನ್ನು ಹಿಂಡಿ ಹಿಡಿದಿರುತ್ತದೆ. ಹಾಗಾಗಿಯೇ ಅಂಗೈಯಲ್ಲಿ ಗುದ್ದಿದರೂ ಜಗ್ಗದ ಗಾಜು ಚೂಪು ಮೊನೆಯೊಂದು ತಾಗಿದ ಕೂಡಲೇ ಒಂದೇ ಸಲಕ್ಕೆ ಪುಡಿಪುಡಿ. ಹುಲ್ಲು ಕತ್ತರಿಸುವ ಯಂತ್ರ ಹಾರಿಸಿದ ಕಡಲೆಕಾಯಿ ಗಾತ್ರದ ಕಲ್ಲೂ ಸಾಕು.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಬಾಗಿಲ ಗಾಜಿಗೆ ರಿಪೇರಿ ಎಂಬುದಿಲ್ಲ, ಬದಲಾಯಿಸುವುದೊಂದೇ ದಾರಿ. ಎರಡನೆಯದು, ಟಫನ್ಡ್ ಆದ ಮೇಲೆ ಗಾಜನ್ನು ಕತ್ತರಿಸಲು ಬರುವುದಿಲ್ಲ. 'ಇದೇ ಸೈಜಿಗೆ ಕಟ್ ಮಾಡಿ ಹಾಕ್ತೀವಿ, ಅರ್ಧ ರೇಟು' ಎಂದು ಯಾರಾದರೂ ಅಂದರೆ ಅವರು ಹಾಕುವುದು ಮನೆ ಕಿಟಕಿಗೆ ಹಾಕುವ ಸಾದಾ ಗಾಜು. ಅಪಘಾತವಾದರೆ ಅದು ಹರಳಾಗದೆ ಕತ್ತಿಯ ಹಾಗೆ ಸೀಳಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರವೂ ಕಾರಿಗೆ ಸುರಕ್ಷತಾ ಗಾಜೇ ಬೇಕು. ಮತ್ತೆ ಯೋಚಿಸಲು ಇದರಲ್ಲಿ ಏನೂ ಇಲ್ಲ.

ಈಗ ಬೆಲೆಗೆ ಬರೋಣ. ಗಾಜು ಚಿಕ್ಕದಾದರೆ ಬೆಲೆಯೂ ಚಿಕ್ಕದು ಎಂದು ನಾವು ಅಂದುಕೊಳ್ಳುತ್ತೇವೆ. ಬಾಗಿಲ ಗಾಜಿನ ಮಟ್ಟಿಗೆ ಎಷ್ಟೋ ಸಲ ಇದು ತಿರುಗುಮುರುಗು. ಹಿಂಬಾಗಿಲು ದಾಟಿದ ಮೇಲೆ ಡಿಕ್ಕಿಯ ಪಕ್ಕ ಇರುವ ಪುಟ್ಟ ತ್ರಿಕೋನ, ಕ್ವಾರ್ಟರ್ ಗ್ಲಾಸ್, ಏರಿ ಇಳಿಯುವುದಿಲ್ಲ. ಅನೇಕ ಕಾರುಗಳಲ್ಲಿ ಅದರ ಸುತ್ತ ರಬ್ಬರ್ ಅಥವಾ ಪ್ಲಾಸ್ಟಿಕ್ ಅಂಚನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು, ಕಾರಿನ ಮೈಗೆ ಯೂರಿಥೇನ್ ಅಂಟಿನಿಂದ ಕೂರಿಸಿರುತ್ತಾರೆ. ಬೇಡಿಕೆ ಕಡಿಮೆ ಇರುವುದರಿಂದ ಅಂಗಡಿಯಲ್ಲಿ ಸ್ಟಾಕ್ ಇರುವುದಿಲ್ಲ. ಹಳೇ ಅಂಟು ಕೆರೆದು, ಹೊಸದು ಹಾಕಿ, ಒಣಗಲು ಕೆಲವು ಗಂಟೆ ಬಿಡಬೇಕು. ಕೂಲಿಯೂ ಜಾಸ್ತಿ, ಕಾಯುವುದೂ ಜಾಸ್ತಿ. ಕೆಲವು ಎಸ್‌ಯುವಿಗಳಲ್ಲಿ ರೇಡಿಯೊ ಆಂಟೆನಾದ ಗೆರೆಗಳೂ ಇದೇ ಗಾಜಿನಲ್ಲಿರುತ್ತವೆ. ಬ್ಯಾಗು ಕದಿಯಲು ಬಂದವನು ಸದ್ದಾಗದಿರಲಿ ಎಂದು ಚಿಕ್ಕ ಗಾಜನ್ನೇ ಒಡೆದರೆ ಕಾರಿನವರಿಗೆ ಬೀಳುವ ಪೆಟ್ಟು ದೊಡ್ಡದು.

ಮುಂದಿನ ಬಾಗಿಲ ಗಾಜು, ಹಿಂದಿನ ಬಾಗಿಲ ಗಾಜು ಸಾಮಾನ್ಯವಾಗಿ ಸುಲಭಕ್ಕೆ ಸಿಗುತ್ತವೆ. ದುಬಾರಿ ಕಾರುಗಳ ಕತೆಯೇ ಬೇರೆ. ರಸ್ತೆಯ ಸದ್ದು ಒಳಗೆ ಬಾರದಿರಲಿ ಎಂದು ಅವುಗಳಲ್ಲಿ ಹಲವಕ್ಕೆ ಮುಂಬಾಗಿಲಲ್ಲೂ ಲ್ಯಾಮಿನೇಟೆಡ್ ಗಾಜು ಇರುತ್ತದೆ, ಅದೂ ಆಮದು. ಅಲ್ಲಿ ಮೇಲೆ ಹೇಳಿದ ನನ್ನ ಲೆಕ್ಕವನ್ನು ಮರೆತುಬಿಡಿ.

ಉಳಿದ ಗಾಜಿನ ಮೂಲೆ ಓದಿ

ಅಂಗಡಿಗೆ ಫೋನ್ ಮಾಡುವ ಮುನ್ನ ಒಡೆಯದೆ ಉಳಿದಿರುವ ಎದುರು ಬದಿಯ ಗಾಜಿನ ಕೆಳಮೂಲೆ ನೋಡಿ. ಅಲ್ಲಿ ತಯಾರಕರ ಹೆಸರು, ಐಎಸ್‌ಐ ಗುರುತು, ಐಎಸ್ 2553 ಎಂಬ ಮಾನಕದ ಸಂಖ್ಯೆ ಅಚ್ಚಾಗಿರುತ್ತವೆ. ಅದರ ಫೋಟೊ ತೆಗೆದುಕೊಳ್ಳಿ. ಹಾಗೆಯೇ ಗಾಜಿನ ಬಣ್ಣ. ಬಿಳಿ ಕಾಗದ ಹಿಂದಿಟ್ಟರೆ ತಿಳಿ ಹಸಿರೋ, ಬೂದೋ, ಪೂರ್ತಿ ಬಿಳಿಯೋ ಗೊತ್ತಾಗುತ್ತದೆ. ಒಂದೇ ಮಾದರಿಯ ಕಾರಿನಲ್ಲೂ ಟಾಪ್ ವೇರಿಯಂಟ್‌ಗೆ ಯುವಿ ತಡೆಯುವ ಗಾಜು, ಕೆಳಗಿನದಕ್ಕೆ ಸಾದಾ ಗಾಜು ಎಂದಿರುತ್ತದೆ. ಬೆಲೆಯೂ ಬೇರೆ. ಕಾರಿನ ಹೆಸರು ಮಾತ್ರ ಹೇಳಿದರೆ ಅಂಗಡಿಯವರು ಅಗ್ಗದ್ದರ ಬೆಲೆ ಹೇಳುತ್ತಾರೆ. ಅದನ್ನೇ ತಂದು ಹಾಕಿದರೆ ನಾಲ್ಕರಲ್ಲಿ ಒಂದು ಗಾಜು ಬೆಪ್ಪಾಗಿ ಬೆಳ್ಳಗೆ ಕಾಣುತ್ತದೆ.

ಹೇಳಬೇಕಾದದ್ದು ಇಷ್ಟು: ಮಾದರಿ, ತಯಾರಾದ ವರ್ಷ, ವೇರಿಯಂಟ್, ಮುಂದೋ ಹಿಂದೋ, ಎಡವೋ ಬಲವೋ. ಎಡಬಲ ಹೇಳುವಾಗ ಡ್ರೈವರ್ ಸೀಟಿನಲ್ಲಿ ಕೂತವರ ಎಡಬಲವೇ ಲೆಕ್ಕ, ಎದುರು ನಿಂತು ನೋಡಿದವರದ್ದಲ್ಲ. ಗೊಂದಲವಿದ್ದರೆ 'ಡ್ರೈವರ್ ಸೈಡ್' ಅಂದುಬಿಡಿ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟರೆ ಕಂಪನಿಯ ಬಿಡಿಭಾಗ ವಿಭಾಗದವರು ಸರಿಯಾದ ಪಾರ್ಟ್ ನಂಬರನ್ನೇ ತೆಗೆದುಕೊಡುತ್ತಾರೆ.

ಹಳೇ ಗಾಜಿಗೆ ಕಪ್ಪು ಫಿಲ್ಮ್ ಇತ್ತೇ? ಹೊಸದಕ್ಕೂ ಅಂಟಿಸಿಕೊಡಿ ಎಂದು ಕೇಳಲು ಹೋಗಬೇಡಿ. ಪಕ್ಕದ ಗಾಜುಗಳಿಂದ ಕನಿಷ್ಠ 50% ಬೆಳಕು ಹಾಯಬೇಕು ಎನ್ನುತ್ತದೆ ನಿಯಮ. ಕಪ್ಪು ಫಿಲ್ಮ್ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2012ರಲ್ಲಿ. ಸಿಗ್ನಲ್‌ನಲ್ಲಿ ನಿಲ್ಲಿಸಿ ಕೀಳಿಸಿದರೆ ಅಂಟಿಸಿದ ದುಡ್ಡೂ ಹೋಯಿತು, ದಂಡವೂ ಬಿತ್ತು.

ಎಲ್ಲಿ ಹಾಕಿಸುವುದು?

ಬೆಂಗಳೂರಿನಲ್ಲಿ ದಾರಿ ಮೂರು. ಕಂಪನಿ ಸರ್ವಿಸ್ ಸೆಂಟರ್, ಜೆ.ಸಿ. ರಸ್ತೆ–ಕಲಾಸಿಪಾಳ್ಯದ ಕಡೆಯ ಅಂಗಡಿಗಳು, ಶಿವಾಜಿನಗರದ ಗುಜರಿ.

ಸರ್ವಿಸ್ ಸೆಂಟರ್‌ನಲ್ಲಿ ಕೂಲಿ ಜಾಸ್ತಿ, ಗಾಜು ತರಿಸಲು ಕೆಲವೊಮ್ಮೆ ದಿನಗಟ್ಟಲೆ. ಆದರೆ ಕಾರು ವಾರಂಟಿಯಲ್ಲಿದ್ದರೆ, ಬಾಗಿಲಿನೊಳಗೆ ಏರ್‌ಬ್ಯಾಗ್ ಸೆನ್ಸರ್‌ಗಳಿದ್ದರೆ, ಅಥವಾ ಇನ್ಶೂರೆನ್ಸ್‌ನಲ್ಲಿ ಕ್ಯಾಷ್‌ಲೆಸ್ ಬೇಕಿದ್ದರೆ ಅಲ್ಲಿಗೇ ಹೋಗುವುದು ಒಳ್ಳೆಯದು. ಜೆ.ಸಿ. ರಸ್ತೆಯಲ್ಲಿ ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನದೊಳಗೆ ಮುಗಿಯಬಹುದು. ಅಲ್ಲಿ 'ಒರಿಜಿನಲ್' ಎಂಬ ಮಾತಿಗೆ ಅರ್ಥ ಹಲವು. ಕಾರು ಕಂಪನಿಯ ಡಬ್ಬದಲ್ಲಿ ಬರುವ ಗಾಜು ಒಂದು. ಅದನ್ನೇ ತಯಾರಿಸುವ ಅಸಾಹಿ ಇಂಡಿಯಾ, ಸೇಂಟ್ ಗೋಬೇನ್‌ನಂಥ ಕಂಪನಿಗಳು ತಮ್ಮದೇ ಹೆಸರಿನಲ್ಲಿ ಬಿಡುವ ಗಾಜು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದು ಸಾಕು. ಕಾರಿನ ಲೋಗೊ ಒಂದಿಲ್ಲ ಅನ್ನುವುದು ಬಿಟ್ಟರೆ ಕಳೆದುಕೊಳ್ಳುವುದೇನಿಲ್ಲ. ಮೂರನೆಯದು, ಮೂಲೆಯಲ್ಲಿ ಯಾವ ಗುರುತೂ ಇಲ್ಲದ ಗಾಜು. ಅದು ಪುಕ್ಕಟೆ ಸಿಕ್ಕರೂ ಬೇಡ.

ಗುಜರಿ ಎಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಗಾಜು ಸವೆಯುವ ವಸ್ತುವಲ್ಲ. ಗೀರಿಲ್ಲದ, ಅಂಚು ಚಕ್ಕೆ ಏಳದ ಹಳೇ ಗಾಜು ಹೊಸದರಷ್ಟೇ ಬಾಳುತ್ತದೆ. ಷೆವ್ರೊಲೆ ಭಾರತದಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ, ಫೋರ್ಡ್ ಇಲ್ಲಿ ತಯಾರಿಕೆ ನಿಲ್ಲಿಸುತ್ತೇನೆ ಎಂದದ್ದು 2021ರಲ್ಲಿ. ಅಂಥ ಕಾರಿನ ಕ್ವಾರ್ಟರ್ ಗ್ಲಾಸ್ ಎಲ್ಲೂ ಸಿಗದಿದ್ದಾಗ ಶಿವಾಜಿನಗರಕ್ಕೊಂದು ಸುತ್ತು ಹಾಕಿ. ಗಾಜನ್ನು ಬೆಳಕಿಗೆ ಹಿಡಿದು ಅಂಚು ಪೂರ್ತಿ ಬೆರಳಾಡಿಸಿ ನೋಡಿ. ಬಿಲ್ ಮಾತ್ರ ಕೇಳಿ ಪಡೆಯಿರಿ.

ಇನ್ಶೂರೆನ್ಸ್ ಕ್ಲೇಮ್ ಮಾಡುವುದೋ ಬಿಡುವುದೋ

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ, ನಿಮ್ಮ ಗಾಜಿಗೆ ಅದು ಬಿಡಿಗಾಸೂ ಕೊಡುವುದಿಲ್ಲ. ಸ್ವಂತ ಹಾನಿಯ ಕವಚ ಇದ್ದರೆ ಗಾಜಿಗೆ ಸವಕಳಿ ಕಡಿತವಿಲ್ಲ, ಅಂದರೆ ಹಳೆಯದು ಎಂದು ಬೆಲೆಯಲ್ಲಿ ಮುರಿದುಕೊಳ್ಳುವುದಿಲ್ಲ. ಇದನ್ನು ಕೇಳಿಯೇ ಎಲ್ಲರೂ ಕ್ಲೇಮಿಗೆ ಓಡುವುದು. ಸ್ವಲ್ಪ ನಿಲ್ಲಿ. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ 50% ಕಡಿತ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ ಕಡಿತ. ಇದರ ಮೇಲೆ ಪ್ರತಿ ಕ್ಲೇಮಿನಲ್ಲೂ ನಾವೇ ಭರಿಸಬೇಕಾದ ಕಡ್ಡಾಯ ಕಡಿತ 1500 ಸಿಸಿವರೆಗಿನ ಕಾರಿಗೆ ₹1,000, ಅದಕ್ಕಿಂತ ದೊಡ್ಡದಕ್ಕೆ ₹2,000.

ನನ್ನ ₹4,900ರ ಬಿಲ್ಲನ್ನೇ ಹಿಡಿಯೋಣ. ಸಾವಿರ ಕಳೆಯಿರಿ, ಬೀಡಿಂಗ್‌ನ ಅರ್ಧ ₹325 ಕಳೆಯಿರಿ. ಉಳಿಯಿತು ₹3,575. ಮಿಷಿನ್‌ನ ಸವಕಳಿ ಕಳೆದರೆ ಇನ್ನೂ ಇಳಿಯುತ್ತದೆ. ಇತ್ತ ಕಡೆ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ. ಒಂದು ವರ್ಷಕ್ಕೆ 20%, ಆಮೇಲೆ 25, 35, 45, ಐದನೇ ವರ್ಷದಿಂದ 50%. ಒಮ್ಮೆ ಕ್ಲೇಮ್ ಮಾಡಿದರೆ ಸೊನ್ನೆ. ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮುನ್ನ ₹9,000 ಇದ್ದು, ಮುಂದಿನ ಸಲ 45% ಸಿಗಬೇಕಿತ್ತು ಎಂದುಕೊಳ್ಳಿ. ₹4,050 ಅಲ್ಲೇ ಹೋಯಿತು, ಮತ್ತೆ ಮೊದಲಿಂದ ಮೆಟ್ಟಿಲು ಹತ್ತಬೇಕು. ಮೂರೂವರೆ ಸಾವಿರಕ್ಕಾಗಿ ನಾಲ್ಕು ಸಾವಿರ ಬಿಟ್ಟ ಹಾಗಾಯಿತು. ಎನ್‌ಸಿಬಿ ಕಾಪಾಡುವ ಆಡ್-ಆನ್ ಕೊಂಡಿದ್ದರೆ ಲೆಕ್ಕ ಬದಲಾಗುತ್ತದೆ. ಕಾರು ಹೊಚ್ಚ ಹೊಸದಾಗಿ ಎನ್‌ಸಿಬಿಯೇ ಇನ್ನೂ ಕೂಡದಿದ್ದರೆ, ಅಥವಾ ಗಾಜು ಹತ್ತಾರು ಸಾವಿರದ್ದಾದರೆ ಕ್ಲೇಮ್ ಮಾಡಿ. ಮಾಡುವುದಾದರೆ ಗಾಜು ಹಾಕಿಸುವ ಮೊದಲೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಬೇಕು.

ಕಳ್ಳತನವಾಗಿದ್ದರೆ ಪೊಲೀಸ್ ದೂರು ಬೇಕೇ ಬೇಕು. ಒಳಗಿದ್ದ ಲ್ಯಾಪ್‌ಟಾಪ್ ಕಾರಿನ ಮಾಮೂಲಿ ಪಾಲಿಸಿಯಲ್ಲಿ ಬರುವುದಿಲ್ಲ.

ಹೀಗೆ ಕೇಳಿ, ಹೀಗೆ ನೋಡಿ

'ಗ್ಲಾಸ್ ಎಷ್ಟು?' ಎಂಬ ಪ್ರಶ್ನೆಯನ್ನು ನಾನು ಬಿಟ್ಟಿದ್ದೇನೆ. ಈಗ ಕೇಳುವುದು, 'ಗ್ಲಾಸು, ಫಿಟ್ಟಿಂಗು, ಕ್ಲಿಪ್ಪು, ಜಿಎಸ್‌ಟಿ, ಬಾಗಿಲೊಳಗಿನ ಚೂರು ತೆಗೆಯೋದು ಎಲ್ಲಾ ಸೇರಿ ಎಷ್ಟು? ಮಿಷಿನ್, ಬೀಡಿಂಗ್ ಬೇಕಾದರೆ ಅದಕ್ಕೆಷ್ಟು?' ಬಾಗಿಲು ಬಿಚ್ಚಿದ ಮೇಲೆ ಮಿಷಿನ್ ಹೋಗಿದೆ ಅಂದರೆ, ಹಾಕುವ ಮುನ್ನ ಫೋನ್ ಮಾಡಿ ತೋರಿಸಲು ಹೇಳಿ. ಬೀಡಿಂಗ್ ಗಟ್ಟಿಯಾಗಿ ಬಿರಿದಿದ್ದರೆ ಬದಲಾಯಿಸುವುದೇ ಮೇಲು, ಹೊಸ ಗಾಜಿಗೆ ಅದು ಗೀರು ಹಾಕುತ್ತದೆ. ಮೆತ್ತಗಿದ್ದರೆ ಹಳೇದೇ ಇರಲಿ.

ಬಾಗಿಲಿನ ಒಳಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ನೋಡಲು ಕಸದ ಹಾಗಿರುತ್ತದೆ. ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿಯುವ ಮಳೆನೀರು ಕಾರಿನೊಳಗೆ ಬಾರದಂತೆ ತಡೆಯುವುದು ಅದೇ. ಹಿಂದೊಮ್ಮೆ ಬೇರೊಂದು ಅಂಗಡಿಯಲ್ಲಿ ಅದನ್ನು ಹರಿದು ಎಸೆದಿದ್ದರು. ನನಗೆ ಗೊತ್ತಾದದ್ದು ಮೊದಲ ಮಳೆಗೆ, ಕಾಲಡಿಯ ಮ್ಯಾಟ್ ಪಚಪಚ ಅಂದಾಗ. ಆದ್ದರಿಂದ ಪ್ಯಾಡ್ ಮುಚ್ಚುವ ಮೊದಲು ಹಾಳೆ ಇದೆಯೇ ನೋಡಿ. ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳಿವೆ, ಹರಳು ಕೂತು ಅವು ಮುಚ್ಚಿದರೆ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ.

ದುಡ್ಡು ಕೊಡುವ ಮುನ್ನ ಗಾಜನ್ನು ನಾಲ್ಕೈದು ಸಲ ಪೂರ್ತಿ ಏರಿಸಿ ಇಳಿಸಿ. ಒಂದೇ ಒತ್ತಿಗೆ ತಾನೇ ಮೇಲೇರುವ ಗಾಜಾದರೆ, ಅರ್ಧಕ್ಕೆ ನಿಂತು ವಾಪಸು ಇಳಿಯಬಹುದು. ಅದು ಕೆಟ್ಟಿರುವುದಲ್ಲ, ಹೊಸ ಅಳತೆ ಕಲಿಸಬೇಕಷ್ಟೆ. ಹೆಚ್ಚಿನ ಕಾರುಗಳಲ್ಲಿ ಗಾಜು ಪೂರ್ತಿ ಮೇಲೇರಿದ ಮೇಲೂ ಸ್ವಿಚ್ಚನ್ನು ಕೆಲವು ಸೆಕೆಂಡ್ ಎತ್ತಿಯೇ ಹಿಡಿದರೆ ಸರಿಹೋಗುತ್ತದೆ. ಆಮೇಲೆ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿ ಕಿವಿಗೊಡಿ. ಗಿಲಿಗಿಲಿ ಅಂದರೆ ಒಳಗೆ ಇನ್ನೂ ಹರಳಿದೆ, ಪ್ಯಾಡ್ ಮತ್ತೆ ಬಿಚ್ಚಿಸಿ. ಕೊನೆಗೆ ಒಂದು ಬಕೆಟ್ ನೀರು ಕೇಳಿ ಗಾಜಿನ ಮೇಲೆ ಸುರಿಯಿರಿ, ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಅಂಗಡಿಯ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ, ನೋಡಿಕೊಳ್ಳಲಿ.