ಕೆಂಪು ನೆಲದ ಮೇಲೆ ಬಿಳಿ ಎತ್ತು: ಒಂದು ಲಾಂಛನ ಮಾಡಿದ ನನ್ನ ಅನುಭವ

ಗುಳೇದಗುಡ್ಡದಲ್ಲಿ ಬೋರ್ಡ್ ಬರೆಯುವ ಕೆಲಸ ಹಿಡಿದು 26 ವರ್ಷವಾಯಿತು. ಕಿರಾಣಿ ಅಂಗಡಿ, ದವಾಖಾನೆ, ಟ್ರ್ಯಾಕ್ಟರ್ ಟ್ರೇಲರ್, ಗುಡಿಯ ಗೋಡೆ, ಎಲ್ಲದರ ಮೇಲೂ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಹಿಡಿಯುವ ದಿನ ಕಡಿಮೆಯಾಗಿ, ಈಗ ಅರ್ಧ ಹೊತ್ತು ಕಂಪ್ಯೂಟರ್ ಮುಂದೆಯೇ ಕೂರುತ್ತೇನೆ. ಹೀಗಿರುವಾಗ ಮಲಪ್ರಭೆ ದಂಡೆಯ ಒಂದು ಹಳ್ಳಿಯಿಂದ ಹೈಸ್ಕೂಲಿನ ಹೆಡ್‌ಮಾಸ್ತರರು, ಜೊತೆಗೆ ಕಮಿಟಿಯ ಇಬ್ಬರು ಹಿರಿಯರು ಬಂದರು. ಶಾಲೆಗೆ 50 ವರ್ಷ ತುಂಬುತ್ತಿತ್ತು. ಹೊಸ ಕಮಾನು ಕಟ್ಟಿಸುತ್ತಿದ್ದರು. ಕಮಾನಿನ ನೆತ್ತಿಗೆ ಕಲ್ಲಿನಲ್ಲಿ ಕೆತ್ತಿದ ಲಾಂಛನ ಬೇಕು, ಅದೇ ಮಕ್ಕಳ ಅಂಗಿಯ ಕಿಸೆಯ ಮೇಲೆ ಬರಬೇಕು, ಅದೇ ಶಾಲೆಯ ಶಿಕ್ಕಾದಲ್ಲೂ ಇರಬೇಕು ಎಂದರು.

ಮೊದಲ ಚಿತ್ರ ಮೂರು ದಿನದಲ್ಲಿ ಮುಗಿಸಿದೆ. ಅವರು ಕೇಳಿದ್ದೆಲ್ಲ ಅದರಲ್ಲಿತ್ತು: ಉರಿಯುವ ದೀಪ, ತೆರೆದ ಪುಸ್ತಕ, ಹುಟ್ಟುವ ಸೂರ್ಯ, ಜೋಳದ ತೆನೆ, ಮಗ್ಗ, ಬಾದಾಮಿಯ ಗುಡ್ಡ, ಹರಿಯುವ ಹೊಳೆ, ಕೆಳಗೆ ಸುತ್ತಿಕೊಂಡ ಪಟ್ಟಿಯಲ್ಲಿ ಒಂದು ಸಂಸ್ಕೃತ ವಾಕ್ಯ. ಪರದೆಯ ಮೇಲೆ ಎಲ್ಲರಿಗೂ ಹಿಡಿಸಿತು. ಅದನ್ನು ಶಿಕ್ಕಾ ಮಾಡಿಸಿ ನೋಡಿದಾಗ ನನ್ನ ಎದೆ ಒಡೆಯಿತು. ಮೂರು ಸೆಂಟಿಮೀಟರ್ ಅಗಲದೊಳಗೆ ದೀಪ ಯಾವುದು, ತೆನೆ ಯಾವುದು ಎಂದು ಬರೆದ ನನಗೇ ಗೊತ್ತಾಗಲಿಲ್ಲ. ಕಾಗದದ ಮೇಲೆ ಒಂದು ನೀಲಿ ಮುದ್ದೆ ಮೂಡಿತ್ತು. ಎಂಬ್ರಾಯ್ಡರಿ ಮಷಿನ್‌ನವನು ಬಣ್ಣ ಎಣಿಸಿ, "ಒಂಬತ್ತು ಸಲ ದಾರ ಬದಲಿಸಬೇಕ್ರಿ ಅಣ್ಣಾರ, ಒಂದೊಂದು ಬ್ಯಾಡ್ಜಿಗೂ" ಎಂದ. ಹೆಡ್‌ಮಾಸ್ತರರ ಹತ್ತಿರ ಒಂದು ತಿಂಗಳ ಸಮಯ ಕೇಳಿದೆ. ಕೊಟ್ಟರು.

ಆ ತಿಂಗಳಲ್ಲಿ ಲಾಂಛನ ಅಂದರೆ ಏನು ಎಂದು ಮೊದಲಿಂದ ಕಲಿಯಲು ಕೂತೆ. ಯುರೋಪಿನಲ್ಲಿ ಇದು ಒಂದು ಪೂರ್ತಿ ಶಾಸ್ತ್ರವೇ ಆಗಿ ಬೆಳೆದಿದೆ. 1066ರ ಹೇಸ್ಟಿಂಗ್ಸ್ ಕಾಳಗವನ್ನು ತೋರಿಸುವ ಬೇಯೋ ಕಸೂತಿ ಪಟದಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ ನಾರ್ಮಂಡಿಯ ದೊರೆ ವಿಲಿಯಂ ತನ್ನ ಶಿರಸ್ತ್ರಾಣ ಎತ್ತಿ, ತಾನು ಸತ್ತಿಲ್ಲ ಎಂದು ಸೈನಿಕರಿಗೆ ಮುಖ ತೋರಿಸುತ್ತಾನೆ. ದೊರೆಯನ್ನು ಗುರುತಿಸಲು ಆಗ ಮುಖವೇ ಬೇಕಿತ್ತು. 12ನೇ ಶತಮಾನದಲ್ಲಿ ಗುರಾಣಿಯ ಮೇಲೆ ಮನೆತನದ ಗುರುತು ಬರೆಯುವ ಪದ್ಧತಿ ನೆಲೆಗೊಂಡಿತು, ತಂದೆಯ ಗುರುತು ಮಗನಿಗೆ ಬಂತು. ಯಾರ ಗುರಾಣಿ ಯಾರದು ಎಂದು ಕೂಗಿ ಹೇಳುವ ಹೆರಾಲ್ಡ್ ಎಂಬ ಅಧಿಕಾರಿಗಳು ಹುಟ್ಟಿಕೊಂಡರು. ನಮ್ಮ ಅರಸರ ಮುಂದೆ ಬಿರುದಾವಳಿ ಹೇಳುತ್ತ ನಡೆಯುತ್ತಿದ್ದ ವಂದಿಮಾಗಧರು ನನಗೆ ನೆನಪಾದರು. 1484ರಲ್ಲಿ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್ ಈ ಹೆರಾಲ್ಡರಿಗೆ ಒಂದು ಸಂಸ್ಥೆಯನ್ನೇ ಕಟ್ಟಿಕೊಟ್ಟ. ಅದು ಲಂಡನ್ನಿನಲ್ಲಿ ಇಂದಿಗೂ ಲಾಂಛನಗಳನ್ನು ದಯಪಾಲಿಸುತ್ತಿದೆ.

ನನ್ನ ಕೆಲಸದ ದಿಕ್ಕು ಬದಲಿಸಿದ್ದು ಅವರ ಒಂದು ಪದ್ಧತಿ. ಅವರಲ್ಲಿ ಲಾಂಛನ ಎಂದರೆ ಚಿತ್ರವಲ್ಲ, ಮಾತು. "ಕೆಂಪು ನೆಲ, ಅದರ ಮೇಲೆ ನಡೆಯುವ ಮೂರು ಚಿನ್ನದ ಸಿಂಹ" ಎಂಬಂಥ ಒಂದು ವಾಕ್ಯವನ್ನು ಬರೆದು ಕೊಡುತ್ತಾರೆ. ಆ ವಾಕ್ಯಕ್ಕೆ ಹೊಂದುವ ಹಾಗೆ ಯಾವ ಕಲಾವಿದ ತನ್ನ ಕೈಯ ರೀತಿಯಲ್ಲಿ ಬರೆದರೂ ಅದು ಅದೇ ಲಾಂಛನ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಯಾಕೆಂದರೆ ನಮ್ಮ ಶಾಸನಗಳು ಮಾಡಿದ್ದೂ ಇದನ್ನೇ. ಸವದತ್ತಿಯ ರಟ್ಟರಿಗೆ ಸಿಂಧೂರ, ಅಂದರೆ ಆನೆಯ ಲಾಂಛನ, ಸುವರ್ಣ ಗರುಡ ಧ್ವಜ. ಗೋವೆ ಮತ್ತು ಹಲಸಿಯ ಕದಂಬರಿಗೆ ಸಿಂಹ ಲಾಂಛನ, ವಾನರ ಧ್ವಜ. ಕಲ್ಯಾಣದ ಕಳಚುರಿಗಳಿಗೆ ಸುವರ್ಣ ವೃಷಭ ಧ್ವಜ. ಎರಡು ಮೂರು ಪದ, ಅಷ್ಟೇ. ಲಾಂಛನ ಬೇರೆ, ಧ್ವಜ ಬೇರೆ ಎನ್ನುವುದನ್ನೂ ಶಾಸನ ಬರೆದವರು ಮರೆತಿಲ್ಲ. ಬಾದಾಮಿ ಚಾಲುಕ್ಯರ ತಾಮ್ರಪಟಗಳಂತೂ, ನಾರಾಯಣನ ಪ್ರಸಾದದಿಂದ ಬಂದ ವರಾಹ ಲಾಂಛನವನ್ನು ಕಂಡ ಕ್ಷಣದಲ್ಲೇ ಎಲ್ಲ ಅರಸರೂ ವಶವಾದರು ಎನ್ನುತ್ತವೆ. ಕಂಡ ಕ್ಷಣದಲ್ಲೇ! ನನ್ನ ಮೊದಲ ಚಿತ್ರವನ್ನು ಓದಿ ಮುಗಿಸಲು ಎರಡು ನಿಮಿಷ ಬೇಕಿತ್ತು.

ಹಾಗಾಗಿ ಎರಡನೇ ಸಲ ಪೆನ್ಸಿಲ್ ಮುಟ್ಟಲಿಲ್ಲ. ಕಮಿಟಿಯವರನ್ನು ಕೂರಿಸಿ, ಮೊದಲು ಒಂದು ವಾಕ್ಯ ಕಟ್ಟೋಣ, ಅದು ಒಂದೇ ಉಸಿರಿನಲ್ಲಿ ಹೇಳಲು ಬರಬೇಕು ಎಂದೆ.

ವರಾಹವೇ ಇರಲಿ ಎಂದರು ಹಲವರು. ಬಾದಾಮಿ ಸೀಮೆಯವರು ನಾವು, ತಪ್ಪೇನು ಎಂಬುದು ಅವರ ಮಾತು. ನನಗೆ ಒಪ್ಪಿಗೆಯಾಗಲಿಲ್ಲ. ವರಾಹ ಒಂದು ರಾಜಮನೆತನದ ಗುರುತು. ಆಮೇಲೆ ವಿಜಯನಗರದವರೂ ಅದನ್ನು ಇಟ್ಟುಕೊಂಡರು, ಚಿನ್ನದ ನಾಣ್ಯಕ್ಕೇ ವರಾಹ ಎಂದು ಹೆಸರು ಬಂತು. ಶಾಲೆಗೆ ಅದರದೇ ಗುರುತು ಬೇಕು. ಹೆಸರನ್ನೇ ಹೇಳುವ ಗುರುತಿದ್ದರೆ ಇನ್ನೂ ಚೆಲುವು. ಸಳ ಹುಲಿಯನ್ನು ಹೊಯ್ದ ಚಿತ್ರ ಹೊಯ್ಸಳ ಎಂಬ ಹೆಸರನ್ನೇ ಹೇಳುತ್ತದೆ. ನಮ್ಮ ಮುಧೋಳದ ಘೋರ್ಪಡೆಯವರ ಹೆಸರು ಉಡಕ್ಕೆ ಮರಾಠಿಯಲ್ಲಿರುವ ಘೋರ್ಪಡ ಎಂಬ ಪದದಿಂದ ಬಂದದ್ದು, ಉಡಕ್ಕೆ ಹಗ್ಗ ಕಟ್ಟಿ ಕೋಟೆ ಏರಿದವರು ಅವರು ಎಂಬ ಐತಿಹ್ಯವಿದೆ. ಆದರೆ ಈ ಹಳ್ಳಿಯ ಹೆಸರಿನಲ್ಲಿ ಅಂಥದ್ದೇನೂ ಸಿಗಲಿಲ್ಲ.

ಶಾಲೆ ಶುರುವಾದದ್ದು ಎಲ್ಲಿ ಎಂದು ಕೇಳಿದೆ. ಒಬ್ಬ ಅಜ್ಜ ಹೇಳಿದರು: "ನೇಕಾರರ ಮಗ್ಗದ ಶೆಡ್ಡಿನಾಗರಿ. ಕಟ್ಟಡದ ಕಲ್ಲು ಮಾತ್ರ ಊರ ಎತ್ತಿನ ಬಂಡಿಯಾಗ ಬಂದಾವು. ಒಂದು ಬಂಡಿಗೂ ಬಾಡಿಗಿ ತಗೊಂಡಿಲ್ಲ." ನನಗೆ ಅಷ್ಟು ಸಾಕಾಯಿತು. ಎತ್ತು ಮತ್ತು ಲಾಳಿ. ಅದೂ ನಮ್ಮ ಕಡೆಯ ಕಿಲಾರಿ ಎತ್ತು. ಹಿಂದಕ್ಕೆ ಬಾಗಿ ಮೇಲಕ್ಕೆದ್ದ ಆ ಉದ್ದ ಕೊಂಬು ಕಂಡರೆ, ಹೊಲದಾಚೆ ನೆರಳಾಗಿ ನಿಂತರೂ ಇದು ಕಿಲಾರಿ ಎಂದು ಮಗು ಸಹ ಹೇಳುತ್ತದೆ.

ಇಷ್ಟಕ್ಕೆ ಸುಗಮವಾಗಲಿಲ್ಲ. ಹಿರಿಯರೊಬ್ಬರು, ಎತ್ತು ಅಂದರೆ ಚುನಾವಣೆಯ ಗುರುತಾದೀತು ಎಂದರು. ನೊಗ ಹೊತ್ತ ಜೋಡೆತ್ತು ಒಂದು ಕಾಲಕ್ಕೆ ಕಾಂಗ್ರೆಸ್ಸಿನ ಗುರುತಾಗಿತ್ತು, ಅವರ ತಲೆಮಾರಿಗೆ ಅದು ಚೆನ್ನಾಗಿ ನೆನಪಿದೆ. ಹಾಗಾಗಿ ಒಂದೇ ಎತ್ತು, ನೊಗ ಇಲ್ಲ ಎಂದಾಯಿತು. ಸಮಾಜ ವಿಜ್ಞಾನದ ಮೇಡಂ ಕೇಳಿದ ಪ್ರಶ್ನೆ ಇನ್ನೂ ದೊಡ್ಡದಿತ್ತು: "ವೃಷಭ ಪಲ್ಲವರ ಲಾಂಛನ ಅಲ್ಲೇನ್ರಿ? 642ರಾಗ ಬಾದಾಮಿ ಗೆದ್ದವರು ಅವರೇ. ನಮ್ಮ ನೆಲದಾಗ ಅವರ ಗುರುತು ಹೆಂಗ ಇಡೋದು?" ಈ ಪ್ರಶ್ನೆ ಕೇಳುವಂಥ ಮೇಡಂ ಇರುವ ಶಾಲೆಯ ಮಕ್ಕಳು ಪುಣ್ಯವಂತರು. ಪಲ್ಲವ ದೊರೆ ನರಸಿಂಹವರ್ಮನ ಶಾಸನ ಬಾದಾಮಿಯ ಬಂಡೆಯ ಮೇಲೆ ಈಗಲೂ ಇದೆ. ಆ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ, ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಈಗ ವಿರೂಪಾಕ್ಷ ಎನ್ನುವ ಗುಡಿಯನ್ನು ಕಟ್ಟಿಸಿದಳು. ಅದೇ ಗುಡಿಯ ಎದುರು ಕರಿಕಲ್ಲಿನ ದೊಡ್ಡ ನಂದಿ ಕೂತಿದೆ. ಪಲ್ಲವರ ವೃಷಭವೂ ಆ ನಂದಿಯೂ ದೇವರ ವಾಹನ. ನಮ್ಮದು ಬಂಡಿ ಎಳೆದ ಎತ್ತು, ನಡೆಯುತ್ತಿರಬೇಕು, ಮೈಮೇಲೆ ಗೆಜ್ಜೆ ಜೂಲು ಏನೂ ಬೇಡ ಎಂದು ನಾನೆಂದೆ. ಮೇಡಂ ಒಪ್ಪಿದರು. ನಡೆಯುತ್ತಿರುವ ಎಂಬ ಪದ ವಾಕ್ಯದೊಳಗೆ ಸೇರಿದ್ದು ಅವರ ಪ್ರಶ್ನೆಯಿಂದ.

ಬಣ್ಣದ ಮಾತು. ಯುರೋಪಿನವರು ಬಣ್ಣಗಳನ್ನು ಎರಡು ಪಾಲು ಮಾಡುತ್ತಾರೆ. ಹಳದಿ ಮತ್ತು ಬಿಳಿ ಲೋಹಗಳು, ಅಂದರೆ ಚಿನ್ನ ಮತ್ತು ಬೆಳ್ಳಿ. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇವು ಬಣ್ಣಗಳು. ಲೋಹದ ಮೇಲೆ ಲೋಹ ಬರಬಾರದು, ಬಣ್ಣದ ಮೇಲೆ ಬಣ್ಣ ಬರಬಾರದು. ಬೋರ್ಡ್ ಬರೆಯುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ನೀಲಿ ಮೇಲೆ ಕೆಂಪು ಬರೆದರೆ ಹತ್ತು ಹೆಜ್ಜೆ ಆಚೆ ಕಾಣುವುದಿಲ್ಲ ಎಂದು ನನ್ನ ಗುರುಗಳು ಮೊದಲ ವಾರವೇ ಗದರಿದ್ದರು. ವಾಹನದ ನಂಬರ್ ಪ್ಲೇಟು ನೋಡಿ, ಬಿಳಿ ಮೇಲೆ ಕಪ್ಪು, ಹಳದಿ ಮೇಲೆ ಕಪ್ಪು. ನಮ್ಮ ರಾಜ್ಯದ ಲಾಂಛನದಲ್ಲಿ ಗಂಡಭೇರುಂಡ ಬಿಳಿ, ಗುರಾಣಿ ಕೆಂಪು. ನಾವೂ ನೆಲಕ್ಕೆ ಬಾದಾಮಿ ಕಲ್ಲಿನ ಕೆಂಪು, ಎತ್ತಿಗೆ ಬಿಳಿ, ಮೇಲ್ಪಟ್ಟಿಗೆ ಹಳದಿ, ಅದರೊಳಗೆ ಕಪ್ಪು ಲಾಳಿ ಇಟ್ಟೆವು. ಒಂಬತ್ತು ದಾರ ನಾಲ್ಕಕ್ಕೆ ಇಳಿಯಿತು.

ಮೇಲುಗಡೆ ಅಶೋಕ ಸಿಂಹ ಕೂರಿಸಬೇಕು ಎಂಬ ಆಸೆ ಕಮಿಟಿಗಿತ್ತು. ಅದು 1950ರ ಜನವರಿ 26ರಿಂದ ಭಾರತ ಸರಕಾರದ ಲಾಂಛನ. ಅದನ್ನು ಯಾರೆಂದರೆ ಅವರು ಬಳಸದಂತೆ 2005ರ ಕಾಯ್ದೆಯೇ ಇದೆ ಎಂದು ತಿಳಿಸಿದೆ, ಕೈಬಿಟ್ಟರು. ಸಂಸ್ಕೃತ ವಾಕ್ಯವನ್ನೂ ತೆಗೆದೆವು.

ಗುರಾಣಿಯ ಆಕಾರಕ್ಕೆ ಮಾತ್ರ ನಾನು ಹಟ ಹಿಡಿದೆ. ಕೆಳಗೆ ಚೂಪಾದ ಗುರಾಣಿ ಯುರೋಪಿನ ಕುದುರೆ ಸವಾರರದು. 1877ರ ದಿಲ್ಲಿ ದರ್ಬಾರಿನಲ್ಲಿ ಬ್ರಿಟಿಷರು ನಮ್ಮ ಸಂಸ್ಥಾನಿಕರಿಗೆ ಧ್ವಜಗಳನ್ನು ಕೊಟ್ಟಾಗ, ರಾಬರ್ಟ್ ಟೇಲರ್ ಎಂಬ ಅಧಿಕಾರಿ ಅವುಗಳ ಮೇಲೆ ಇದೇ ಮಾದರಿಯ ಲಾಂಛನಗಳನ್ನು ರಚಿಸಿದ. ಗುರಾಣಿ, ಎರಡೂ ಬದಿಗೆ ಪ್ರಾಣಿ, ಕೆಳಗೆ ಪಟ್ಟಿ ಎನ್ನುವ ಅಚ್ಚು ನಮ್ಮ ರೂಢಿಗೆ ಇಳಿದದ್ದರಲ್ಲಿ ಆ ದರ್ಬಾರಿನ ಪಾಲು ದೊಡ್ಡದು. ನಮ್ಮ ಢಾಲು ದುಂಡಗಿತ್ತು, ತಾಮ್ರಪಟದ ಮುದ್ರೆಯೂ ದುಂಡಗೆ. ಹಾಗಾಗಿ ನಮ್ಮ ಲಾಂಛನವೂ ದುಂಡಗೆ ಇರಲಿ ಎಂದೆ, ಇದ್ದೇಬಿಟ್ಟಿತು.

ಕಲ್ಲಿನ ಕೆಲಸವನ್ನು ಬಾದಾಮಿ ಕಡೆಯ ಒಬ್ಬ ಶಿಲ್ಪಿಗೆ ಒಪ್ಪಿಸಿದೆವು. ಅವರು ದೇವರ ಮೂರ್ತಿ ಮಾಡುವವರು, ನಾನು ಕಾಕಾ ಎನ್ನುತ್ತೇನೆ. ಚಿತ್ರದ ಅಚ್ಚು ಇನ್ನೂ ಪೂರ್ತಿಯಾಗಿರಲಿಲ್ಲ, ವಾಕ್ಯ ಬರೆದ ಚೀಟಿ ಮತ್ತು ಒಂದು ಎತ್ತಿನ ಫೋಟೋ ಕೊಟ್ಟು ಬಂದಿದ್ದೆ. ಚೀಟಿಯಲ್ಲಿ "ಎತ್ತಿನ ಮುಖ ಬಲಕ್ಕೆ" ಎಂದಿತ್ತು. ಹತ್ತು ದಿನ ಬಿಟ್ಟು ಹೋದರೆ ಎರಡು ಅಡಿ ಅಗಲದ ಕೆಂಪು ಕಲ್ಲಿನಲ್ಲಿ ಎತ್ತು ಅರ್ಧ ಎದ್ದಿತ್ತು, ಅದರ ಮುಖ ನನ್ನ ಎಡಕ್ಕೆ ತಿರುಗಿತ್ತು. ನನ್ನ ಕೈಕಾಲು ತಣ್ಣಗಾದವು.

"ಕಾಕಾ, ಬಲಕ್ಕ ಅಂತ ಬರದಿದ್ದೆನಲ್ಲರಿ."

ಅವರು ಉಳಿ ಕೆಳಗಿಟ್ಟು ಕಲ್ಲಿನ ಹಿಂದೆ ಹೋಗಿ ನಿಂತು, ಬಲಗೈ ಚಾಚಿ ತೋರಿಸಿದರು. "ಬಲಕ್ಕ ಐತಲ್ಲ ತಮ್ಮಾ. ವಿಷ್ಣುವಿನ ಬಲಗೈಯಾಗ ಚಕ್ರ ಅಂದ್ರ ನೋಡಾವನ ಬಲಕ್ಕ ಮಾಡತೇವೇನು? ಬಲ ಅಂದ್ರ ಮೂರ್ತಿಯ ಬಲ."

ನಾನು ಅಲ್ಲೇ ಕಲ್ಲಿನ ಚೂರುಗಳ ಮೇಲೆ ಕೂತುಬಿಟ್ಟೆ. ಯುರೋಪಿನ ಶಾಸ್ತ್ರದಲ್ಲಿ ಇರುವುದೂ ಇದೇ. ಅಲ್ಲಿ ಬಲ, ಎಡ ಎಂದರೆ ಗುರಾಣಿ ಹಿಡಿದವನ ಬಲ, ಎಡ. ಪ್ರಾಣಿಯ ಮುಖ ಹಿಡಿದವನ ಬಲಕ್ಕೆ, ಅಂದರೆ ನೋಡುವವನ ಎಡಕ್ಕೆ ಇರುವುದು ವಾಡಿಕೆ. ಗುರಾಣಿ ಎಡತೋಳಿನಲ್ಲಿರುತ್ತದೆ. ಯೋಧ ಮುಂದೆ ನುಗ್ಗುವಾಗ ಅದರ ಬಲಬದಿಯೇ ಮುಂದಿರುತ್ತದೆ, ಪ್ರಾಣಿಯೂ ಅವನ ಜೊತೆ ಮುಂದಕ್ಕೇ ನೋಡುತ್ತದೆ. ತಿರುಗಿಸಿ ಬರೆದರೆ ಹಿಂದಕ್ಕೆ ಓಡುವಂತೆ ಕಾಣುತ್ತದೆ. ಇದನ್ನು ಓದಿಯೂ ನಾನು ಬೋರ್ಡ್ ಬರೆಯುವವನ ಅಭ್ಯಾಸದಲ್ಲಿ ನನ್ನ ಬಲವನ್ನೇ ಬರೆದಿದ್ದೆ. ಕಾಕಾ ಏನನ್ನೂ ಓದದೆ ಸರಿಯಾಗಿ ಕೆತ್ತಿದ್ದರು. ಕಲ್ಲು ಹಾಗೆಯೇ ಉಳಿಯಿತು. ಅಂಗಡಿಗೆ ಬಂದು ಬ್ಯಾಡ್ಜಿನ ಮತ್ತು ಶಿಕ್ಕಾದ ಚಿತ್ರಗಳನ್ನು ನಾನು ತಿರುಗಿಸಿದೆ.

ಕಲ್ಲಿಗೆ ಬಣ್ಣ ಹಚ್ಚುವುದು ಕಾಕಾಗೆ ಇಷ್ಟವಿರಲಿಲ್ಲ, ನನಗೂ ಇರಲಿಲ್ಲ. ಎರಡು ಮಳೆಗಾಲಕ್ಕೆ ಏಳುತ್ತದೆ. ಇದಕ್ಕೂ ಹಳೆಯ ಉಪಾಯವಿದೆ. 1638ರಲ್ಲಿ ಪೆತ್ರಾ ಸಾಂಕ್ತಾ ಎಂಬ ಪಾದ್ರಿ ತನ್ನ ಗ್ರಂಥದಲ್ಲಿ ಬಣ್ಣವಿಲ್ಲದೆ ಬಣ್ಣ ಹೇಳುವ ಗೆರೆಗಳನ್ನು ಬಳಸಿದ, ಅದೇ ಎಲ್ಲೆಡೆ ಹಬ್ಬಿತು. ನಿಂತ ಗೆರೆ ಎಂದರೆ ಕೆಂಪು, ಮಲಗಿದ ಗೆರೆ ನೀಲಿ, ಚುಕ್ಕೆ ಚಿನ್ನ, ಬೋಳು ಬಿಟ್ಟರೆ ಬೆಳ್ಳಿ, ಎರಡೂ ಗೆರೆ ಹೆಣೆದರೆ ಕಪ್ಪು. ಕಾಕಾಗೆ ಹೇಳಿದ ಕೂಡಲೇ ಕೈಗೆ ಹತ್ತಿತು. ಎತ್ತಿನ ಸುತ್ತ ನೆಲವೆಲ್ಲ ಅರ್ಧ ಇಂಚಿಗೊಂದರಂತೆ ಮೇಲಿಂದ ಕೆಳಗೆ ಉಳಿಯ ಗೆರೆ, ಎತ್ತಿನ ಮೈ ನುಣುಪು, ಮೇಲ್ಪಟ್ಟಿಯಲ್ಲಿ ಸೂಜಿ ಉಳಿಯ ಚುಕ್ಕೆ, ಲಾಳಿಯ ಮೇಲೆ ಹೆಣೆದ ಗೆರೆ. ಸಂಜೆಯ ಓರೆ ಬಿಸಿಲು ಆ ಗೆರೆಗಳಲ್ಲಿ ನೆರಳು ತುಂಬಿದಾಗ, ಅದೇ ಕಲ್ಲು, ಅದೇ ಬಣ್ಣ, ಆದರೂ ಎತ್ತು ಬೆಳ್ಳಗೆ ಎದ್ದು ಕಾಣುತ್ತದೆ.

ಕಮಾನಿಗೆ ಏರಿಸುವ ಮೊದಲು ಒಂದು ಪರೀಕ್ಷೆ ಮಾಡಿದೆವು. ಎಂಟನೇ ತರಗತಿಯ ಮಕ್ಕಳಿಗೆ ಚಿತ್ರ ತೋರಿಸದೆ ಮೇಡಂ ವಾಕ್ಯವನ್ನಷ್ಟೇ ಎರಡು ಸಲ ಓದಿದರು: "ದುಂಡು ಢಾಲು. ಕೆಂಪು ನೆಲದ ಮೇಲೆ ಬಲಕ್ಕೆ ನಡೆಯುತ್ತಿರುವ ಬಿಳಿಯ ಕಿಲಾರಿ ಎತ್ತು. ಹಳದಿ ಮೇಲ್ಪಟ್ಟಿಯಲ್ಲಿ ಒಂದು ಕಪ್ಪು ಲಾಳಿ." ಬಲ ಎಂದರೆ ಯಾರ ಬಲ ಎಂದು ಕಾಕಾನ ಮಾತಿನಲ್ಲೇ ತಿಳಿಸಿದರು. ಎತ್ತುಗಳಲ್ಲಿ ಕೆಲವು ದಪ್ಪ, ಕೆಲವು ಸಣಕಲು, ಒಂದಕ್ಕೆ ಐದು ಕಾಲು. ಹಾಳೆಗಳನ್ನು ಗೋಡೆಗೆ ಅಂಟಿಸಿ ಅಂಗಳದ ಆ ತುದಿಯಿಂದ ನೋಡಿದೆವು. ಅಷ್ಟೂ ಒಂದೇ ಲಾಂಛನ.

ಹೆಡ್‌ಮಾಸ್ತರರು ಆ ವಾಕ್ಯವನ್ನು ಶಾಲೆಯ ಠರಾವು ಪುಸ್ತಕದಲ್ಲಿ ಬರೆದು, ಕಮಿಟಿಯವರ ಸಹಿ ಮಾಡಿಸಿ, ಕೆಳಗೆ ಹೊಸ ಶಿಕ್ಕಾ ಒತ್ತಿದರು. ಮೂರು ಸೆಂಟಿಮೀಟರಿನಲ್ಲಿ ಎತ್ತಿನ ಎರಡೂ ಕೊಂಬು ಸ್ಪಷ್ಟ ಮೂಡಿದ್ದವು.