ಕಾಟಿ ಕರು ಬಲಕ್ಕೇ ಓಡಬೇಕು

ಮಕ್ಕಳ ಕಥೆಯೊಂದು ಚಿತ್ರಕ್ಕೆಂದು ಬಂದಾಗ ನಾನು ಮೊದಲು ಕೇಳುವುದು ಪುಟ ಎಷ್ಟು ಎಂದು. ನಡುವೆ ಪಿನ್ ಹೊಡೆಯುವ ಪುಸ್ತಕವಾದರೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು: 16, 20, 24. ಅದರಲ್ಲಿ ಶೀರ್ಷಿಕೆಗೆ, ಪ್ರಕಾಶಕರ ವಿವರಕ್ಕೆ ಹೋಗಿ ಉಳಿದದ್ದು ಕಥೆಯ ಪಾಲು. ಒಂದು ಎ4 ಹಾಳೆಯ ಮೇಲೆ ಬೆಂಕಿಪೊಟ್ಟಣದಷ್ಟು ಚೌಕ ಹಾಕಿ, ಇಡೀ ಪುಸ್ತಕವನ್ನು ಗೀಚಿ ಮುಗಿಸುವವರೆಗೂ ಬಣ್ಣದ ತಂಟೆಗೆ ಹೋಗುವುದಿಲ್ಲ.

ಈಚೆಗೆ ಚಿತ್ರ ಬರೆದದ್ದು ದಾರಿ ತಪ್ಪಿ ಕಾಫಿ ತೋಟಕ್ಕೆ ನುಗ್ಗುವ ಕಾಟಿ (ಕಾಡುಕೋಣ) ಕರುವಿನ ಕಥೆಗೆ. ಚಿಕ್ಕಮಗಳೂರು ಕಡೆಯವರು ಕಾಟಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಬೇಲಿ ಮುರಿದು ಅದೇ ಬರುತ್ತದೆ. ಬಲಿತ ಗಂಡು ಕಪ್ಪು, ಹೆಣ್ಣು ಮತ್ತು ಎಳೆಯವು ಕಂದು, ಮೊಣಕಾಲಿನಿಂದ ಕೆಳಗೆ ಬಿಳಿ. ಕಾರ್ಟೂನಿಗೆ ಬೇಕಾದದ್ದು ಅಷ್ಟೇ: ಬಿಳಿ ಕಾಲು, ಬೆನ್ನಿನ ದಿಬ್ಬ, ಅಗಲ ಕಿವಿ. ಕರುವಿಗೆ ಕೊಂಬೂ ಇಲ್ಲ, ದಿಬ್ಬವೂ ಸರಿಯಾಗಿ ಎದ್ದಿರುವುದಿಲ್ಲ. ಬಿಳಿ ಕಾಲು ಕಾಣದಿದ್ದರೆ ಅದು ಯಾರದೋ ಕೊಟ್ಟಿಗೆಯ ಕರು ಅಷ್ಟೆ. ಹಾಗಾಗಿ ಯಾವ ಪುಟದಲ್ಲೂ ಕಾಫಿ ಗಿಡದ ಮರೆಗೆ ಆ ಕಾಲು ಹೋಗದ ಹಾಗೆ ನೋಡಿಕೊಂಡೆ.

ಕರುವನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ, ಮಲಗಿದಂತೆ, ಓಡಿದಂತೆ, ಹೆದರಿದಂತೆ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ. ಇಲ್ಲದಿದ್ದರೆ ಪುಸ್ತಕದ ಕೊನೆಗೆ ಬರುವಷ್ಟರಲ್ಲಿ ಅದರ ಮೂತಿಯೇ ಬದಲಾಗಿರುತ್ತದೆ. ಕಥೆಯ ಹುಡುಗಿಗೆ ಮೂರು ತಲೆ ಎತ್ತರ ಎಂದು ನಿಗದಿ ಮಾಡಿದೆ, ಅಂದರೆ ಅವಳ ತಲೆಯ ಅಳತೆಯ ಮೂರರಷ್ಟು ಇಡೀ ಮೈ. ಆಮೇಲೆ ಪ್ರತಿ ಭಂಗಿಗೂ ಪೂರ್ತಿ ಕಪ್ಪು ತುಂಬಿ ನೋಡುತ್ತೇನೆ. ಬರೀ ಆಕಾರದಲ್ಲೇ ಹೆದರಿಕೆಯೋ ತುಂಟತನವೋ ತಿಳಿಯಬೇಕು. ಹುಬ್ಬು ಗಂಟಿಕ್ಕಿಸಿ, ಬಾಯಿ ಅಗಲ ಮಾಡಿ ಭಾವ ತರುವುದು ಸುಲಭ. ಆದರೆ ಕಿವಿ ಹಿಂದಕ್ಕೆ ಬಿದ್ದು, ಬಾಲ ಕಾಲಸಂದಿಗೆ ಸೇರಿದರೆ ಮುಖ ಕಾಣದಿದ್ದರೂ ಸಾಕು.

ಇನ್ನು ದಿಕ್ಕು. ಇದರ ಬಗ್ಗೆ ನಮ್ಮಲ್ಲಿ ಮಾತಾಡುವವರೇ ಕಡಿಮೆ. ಕನ್ನಡ ಓದುವ ಕಣ್ಣು ಎಡದಿಂದ ಬಲಕ್ಕೆ ಸರಿಯುತ್ತದೆ, ಹಾಳೆ ಮಗುಚುವುದೂ ಬಲ ಅಂಚಿನಿಂದ. ಮನೆ ಬಿಟ್ಟು ಹೊರಟವರು ಬಲಕ್ಕೆ ಮುಖ ಮಾಡಿರಬೇಕು, ವಾಪಸು ಬರುವವರು ಎಡಕ್ಕೆ. ಅಡ್ಡಗಟ್ಟುವವರು ಬಲಗಡೆಯಿಂದ ಬಂದರೆ ಅಡ್ಡಿ ಅನ್ನಿಸುತ್ತದೆ.

ಇದು ನನ್ನ ತಲೆಗೆ ಹೋದದ್ದು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ. ಅಲ್ಲಿಯ ಅಮೃತೇಶ್ವರ ದೇವಸ್ಥಾನ 1196ರದು, ಎರಡನೇ ವೀರಬಲ್ಲಾಳನ ಕಾಲದ್ದು. ದಕ್ಷಿಣದ ಗೋಡೆಯಲ್ಲಿ ರಾಮಾಯಣ 70 ಫಲಕಗಳಲ್ಲಿದೆ. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ಹೊಯ್ಸಳರ ರೂಢಿಯಂತೆ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗಬೇಕು, ಉತ್ತರದಲ್ಲಿ ಹಾಗೇ ಇದೆ. ಗೋಡೆಗೆ ಮುಖ ಮಾಡಿ ನಿಂತರೆ ಅದು ಬಲದಿಂದ ಎಡಕ್ಕೆ. ರಾಮಾಯಣ ಮಾತ್ರ ಅಪ್ರದಕ್ಷಿಣೆ, ಅಂದರೆ ಎಡದಿಂದ ಬಲಕ್ಕೆ, ನಮ್ಮ ಪುಸ್ತಕದ ಹಾಗೆ. ಯಾಕೆ ಹಾಗೆ ಮಾಡಿದರೋ ಶಿಲ್ಪಿಗಳನ್ನೇ ಕೇಳಬೇಕು. ಎರಡು ಗೋಡೆಯ ಮುಂದೆಯೂ ಸ್ಕೆಚ್‌ಬುಕ್ ಹಿಡಿದು ನಡೆದರೆ, ಒಂದು ಕಡೆ ಕಣ್ಣು ತಾನಾಗಿ ಹರಿಯುತ್ತದೆ, ಇನ್ನೊಂದು ಕಡೆ ಎಳೆದುಕೊಂಡು ಹೋಗಬೇಕಾಗುತ್ತದೆ.

ಪೆನ್ಸಿಲ್ ಚಿತ್ರಗಳನ್ನೇ ಜೆರಾಕ್ಸ್ ಮಾಡಿ, ಪಿನ್ ಹೊಡೆದು, ಅಕ್ಷರವಿಲ್ಲದ ಡಮ್ಮಿ ಮಾಡಿದೆ. ಪಕ್ಕದ ಮನೆಯ ಹುಡುಗಿಗೆ ಇನ್ನೂ ಓದಲು ಬರುವುದಿಲ್ಲ, ನನಗೆ ಬೇಕಾದದ್ದೂ ಅದೇ. ಕರು ಎಡಕ್ಕೆ ತಿರುಗಿದ ಪುಟ ಬಂದ ತಕ್ಷಣ, “ಮಾಮ, ಇದೀಗ ಮನೆಗೆ ಹೊರಡ್ತು ಅಲ್ವಾ?” ಎಂದಳು. ಚಿತ್ರದಲ್ಲಿ ಮನೆಯೂ ಇರಲಿಲ್ಲ, ದಾರಿಯೂ ಇರಲಿಲ್ಲ.

ಬಲಪುಟದ ಅಂಚನ್ನು ಮಾತ್ರ ನಾನು ಜಿಪುಣನ ಹಾಗೆ ಕಾಯುತ್ತೇನೆ. ಈ ಕಥೆಯಲ್ಲಿ ಒಂದು ಸಾಲಿತ್ತು: “ಅಷ್ಟರಲ್ಲಿ ಅಮ್ಮ ಬಂದೇಬಿಟ್ಟಳು.” ಬಲಪುಟದ ಕೊನೆಗೆ ದೊಡ್ಡ ಬಿಳಿ ಕಾಲು ಎರಡನ್ನಷ್ಟೇ ಬರೆದೆ. ಹಾಳೆ ಮಗುಚಿದರೆ ಎರಡೂ ಪುಟ ತುಂಬಿ ತಾಯಿ ಕಾಟಿ. ಸಂಪಾದಕರಿಗೆ ಫೋನ್ ಮಾಡಿ, “ಮೇಡಂ, ಅಮ್ಮ ಬಂದದ್ದನ್ನ ಚಿತ್ರವೇ ಹೇಳುತ್ತೆ, ಸಾಲು ಮೊಟಕು ಮಾಡಬಹುದಾ?” ಎಂದೆ. ಲೇಖಕರನ್ನು ಕೇಳಿ ತಿಳಿಸುತ್ತೇನೆ ಎಂದರು. ಕೊನೆಗೆ “ಅಷ್ಟರಲ್ಲಿ...” ಅನ್ನುವುದಷ್ಟೇ ಉಳಿಯಿತು. ಇಂಥ ಜೋಡಿಪುಟದಲ್ಲಿ ಮುಖ ನಡುಮಡಿಕೆಗೆ ಬೀಳಬಾರದು. ತಾಯಿಯ ಹೊಟ್ಟೆ ಮಡಿಕೆಯೊಳಗೆ ಹೋದರೆ ಯಾರಿಗೂ ನಷ್ಟವಿಲ್ಲ.

ಪತ್ರಿಕೆಯ ಚಿತ್ರಕಥೆಗೆ ಬೇರೆಯೇ ತಲೆನೋವು, ಮಾತಿನ ಬಲೂನು. ಇಂಗ್ಲಿಷ್ ಕಾಮಿಕ್ಸ್ ನೋಡಿ ಬಲೂನು ಬರೆದರೆ ಕನ್ನಡ ಅದರೊಳಗೆ ಕೂರುವುದಿಲ್ಲ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏಳುತ್ತದೆ. “ಅಯ್ಯೋ ಸ್ವಾಮಿ, ತಪ್ಪಿಸ್ಕೊಂಡ!” ಎಂಬುದನ್ನು ಎರಡು ಸಾಲು ಮಾಡಿದರೆ ಮೇಲಿನ ಯ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ನಾನು ಮೊದಲು ಮಾತು ಬರೆಯುತ್ತೇನೆ, ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು, ಆಮೇಲೆ ಅದರ ಸುತ್ತ ಬಲೂನು. ಪಾತ್ರಗಳಿಗೆ ಜಾಗ ಸಿಗುವುದು ಕೊನೆಗೆ. ಮೊದಲು ಮಾತಾಡುವವನು ಎಡಕ್ಕೆ, ಉತ್ತರಿಸುವವನು ಬಲಕ್ಕೆ ನಿಂತರೆ ಬಲೂನಿನ ಬಾಲಗಳು ಒಂದಕ್ಕೊಂದು ತೊಡರಿಕೊಳ್ಳುವುದಿಲ್ಲ.

ಗೆರೆ ಎಳೆಯುವುದು ಈಗಲೂ ಕಾಗದದ ಮೇಲೇ, ಇಂಡಿಯನ್ ಇಂಕ್, ಬ್ರಷ್‌ನಲ್ಲಿ. ಸ್ಕ್ಯಾನ್ ಮಾಡಿ ಕೃತಾದಲ್ಲಿ ಬಣ್ಣ ಹಾಕುತ್ತೇನೆ, ಅದು ಉಚಿತ ತಂತ್ರಾಂಶ. ಅಚ್ಚಿನ ಅಳತೆಯಲ್ಲೇ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಕತ್ತರಿಸಿ ಹೋಗುವುದಕ್ಕೆಂದು ಸುತ್ತ 3 ಮಿ.ಮೀ. ಹೆಚ್ಚುವರಿ ಚಿತ್ರ. ಮಲೆನಾಡಿನ ಕಥೆ ಬರೆಯುವವರಿಗೆ ಹಸಿರೇ ದೊಡ್ಡ ಕಾಟ. ಕಂಪ್ಯೂಟರ್ ಪರದೆಯ ಮೇಲೆ ಫಳಫಳ ಹೊಳೆಯುವ ಎಳೆ ಹಸಿರು ನಾಲ್ಕು ಬಣ್ಣದ ಅಚ್ಚಿನಲ್ಲಿ ಮಂಕಾಗಿಬಿಡುತ್ತದೆ. ಆ ಹೊಳಪು ಶಾಯಿಗೆ ಬರುವುದೇ ಇಲ್ಲ. ಹಿಂದಿನ ಮರಗಳನ್ನು ನೀಲಿಗೆ ತಿರುಗಿಸಿ, ಮುಂದಿನ ಎಲೆಗೆ ಹಳದಿ ಏರಿಸುತ್ತೇನೆ. ಆಗ ಮುಂದಿನದು ಹಸಿರಾಗಿ ಕಾಣುತ್ತದೆ.

ದುಡ್ಡಿನ ಮಾತಿಗೆ ಮುಜುಗರ ಪಡುವವರಿಗೆ ಒಂದು ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದು. ಕಾಟಿ ಕರುವಿಗೆ ಒಪ್ಪಿಕೊಳ್ಳುವಾಗಲೇ, ಕನ್ನಡ ಮುದ್ರಣಕ್ಕೆ ಮಾತ್ರ ಅನುಮತಿ, ಬೇರೆ ಭಾಷೆಗೆ ಬೇರೆ ಸಂಭಾವನೆ, ಮೂಲಚಿತ್ರ ನನ್ನ ಬಳಿ ಎಂದು ಪ್ರಕಾಶಕರಿಗೆ ಇಮೇಲ್ ಕಳಿಸಿದ್ದೆ. ಅವರು ಒಂದೇ ಸಾಲಿನಲ್ಲಿ “ಸರಿ” ಎಂದು ಉತ್ತರಿಸಿದರು. ಆ ಉತ್ತರದ ಪ್ರಿಂಟ್ ತೆಗೆದು ಫೈಲಿಗೆ ಹಾಕಿದ ಮೇಲೆಯೇ ಎ4 ಹಾಳೆ ಹೊರತೆಗೆದದ್ದು.