ಥಿಯೇಟರ್, ಸಿನಿಮಾ ಓದುವವರಿಗೆ: ಭಯ ಇರುವಾಗಲೇ ಶುರು ಮಾಡಬೇಕಾದ ಕೆಲಸಗಳು

ನಾನು ಹೊಸದುರ್ಗದ ಕಡೆಯವಳು. ಸಾಣೇಹಳ್ಳಿಯ ನಾಟಕೋತ್ಸವ, 1997ರಲ್ಲಿ ಶುರುವಾದ ಶಿವಸಂಚಾರ ತಂಡದ ನಾಟಕಗಳು, ಇವನ್ನೆಲ್ಲ ನೋಡಿಕೊಂಡೇ ಬೆಳೆದೆ. ಬೆಂಗಳೂರಿಗೆ ಬಂದು ಡಿಗ್ರಿಗೆ ಥಿಯೇಟರ್, ಸಿನಿಮಾ ತಗೊಂಡಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಆದರೆ ನಾಟಕ ನೋಡುವುದು ಬೇರೆ, ಕ್ಲಾಸಿನವರ ಎದುರು ಖಾಲಿ ನೆಲದ ಮೇಲೆ ಒಬ್ಬಳೇ ನಿಲ್ಲುವುದು ಬೇರೆ. ಗಂಟಲು ಒಣಗುತ್ತದೆ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಗೊತ್ತಾಗುವುದಿಲ್ಲ. ಈಗ ನಾನು ಕಾಲೇಜು ನಾಟಕಗಳಿಗೆ ಲೈಟ್ ಮಾಡಲು ಹೋಗುತ್ತೇನೆ. ಪ್ರತಿ ಬ್ಯಾಚಿನಲ್ಲೂ ಇದೇ ಭಯ ನೋಡುತ್ತೇನೆ. ಆ ಮಕ್ಕಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಧೈರ್ಯ ಬರಲಿ ಆಮೇಲೆ ಮುಂದೆ ಹೋಗೋಣ ಅಂತ ಕಾಯಬೇಡಿ. ಕೈಗೊಂದು ಕೆಲಸ ತಗೊಳ್ಳಿ. ಮೊದಲ ಸೆಮಿಸ್ಟರ್‌ನಲ್ಲೇ ಸೀನಿಯರ್‌ಗಳ ನಾಟಕಕ್ಕೆ ಹೋಗಿ "ಬ್ಯಾಕ್‌ಸ್ಟೇಜ್‌ಗೆ ಯಾರಾದರೂ ಬೇಕಾ?" ಅಂತ ಕೇಳಿ. ಬೇಡ ಅನ್ನುವವರು ಬಹಳ ಕಡಿಮೆ. ಪ್ರಾಂಪ್ಟಿಂಗ್, ಅಂದರೆ ಮರೆತ ಮಾತನ್ನು ನಟರಿಗೆ ಮರೆಯಿಂದ ಎತ್ತಿಕೊಡುವ ಕೆಲಸ, ಸಿಕ್ಕಿದರೆ ಬಿಡಲೇಬೇಡಿ. ಸ್ಕ್ರಿಪ್ಟ್ ಹಿಡಿದು ಕೂತರೆ ಎಲ್ಲರ ಮಾತೂ ಬಾಯಿಪಾಠ ಆಗುತ್ತದೆ. ದೊಡ್ಡ ಪಾತ್ರ ಮಾಡುವವರೂ ಮಾತು ಮರೆಯುತ್ತಾರೆ, ಮರೆತು ಮತ್ತೆ ದಾರಿಗೆ ಬರುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡುತ್ತೀರಿ. ಪ್ರಾಪರ್ಟಿ, ಅಂದರೆ ನಾಟಕದಲ್ಲಿ ಬಳಸುವ ವಸ್ತುಗಳ ಹೊಣೆ, ಸಿಕ್ಕಿದರೆ ವಿಂಗಿನ (ಸ್ಟೇಜಿನ ಬದಿಯ ಮರೆಯ) ಪಕ್ಕ ಒಂದು ಮೇಜಿಗೆ ಬಿಳಿ ಹಾಳೆ ಹಾಸಿ. ಪ್ರತಿ ವಸ್ತುವಿನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆದು ಹೆಸರು ಬರೆಯಿರಿ. ಕತ್ತಲಲ್ಲಿ ನಟ ಕೈ ಚಾಚಿದಾಗ ಕೋಲು ಅಲ್ಲೇ ಇರಬೇಕು. ಅದು ನಿಮ್ಮ ಜವಾಬ್ದಾರಿ. ಹೆಗ್ಗೋಡಿನ ನೀನಾಸಂ ಸಂಸ್ಥೆಯ ನಾಟಕ ತಂಡ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ. ಅಲ್ಲಿ ನಟರೇ ಸೆಟ್ ಕಟ್ಟುತ್ತಾರೆ, ಆಟ ಮುಗಿದ ಮೇಲೆ ಅವರೇ ಬಿಚ್ಚುತ್ತಾರೆ. ನಾವೇ ಮೊಳೆ ಹೊಡೆದ ನೆಲದ ಮೇಲೆ ನಿಲ್ಲುವಾಗ ಅದು ಪರರ ಜಾಗ ಅನ್ನಿಸುವುದಿಲ್ಲ.

ನಟನೆಗೆ ಬಂದರೆ, ಭಾವದಿಂದ ಶುರು ಮಾಡಬೇಡಿ. ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಅಂತ ನಾಲ್ಕು ಮಾಡಿ ಹೇಳುತ್ತದೆ. ಅಂದರೆ ಮೈ, ಮಾತು, ವೇಷ, ಒಳಗಿನ ಭಾವ. ಹೆದರಿದವರು ನೇರವಾಗಿ ನಾಲ್ಕನೆಯದಕ್ಕೇ ಕೈ ಹಾಕುತ್ತಾರೆ. "ನನಗೆ ಅಳುವೇ ಬರ್ತಿಲ್ಲ" ಅಂತ ಒದ್ದಾಡುತ್ತಾರೆ. ವೇಷದಿಂದ ಶುರು ಮಾಡಿ. ಪಾತ್ರಕ್ಕೆ ಸೀರೆ ಇದ್ದರೆ ಮೊದಲ ವಾರದಿಂದಲೇ ತಾಲೀಮಿಗೆ ಒಂದು ಹಳೆ ಸೀರೆ ಉಟ್ಟುಕೊಳ್ಳಿ. ನಡಿಗೆ ತಾನಾಗಿ ಬದಲಾಗುತ್ತದೆ.

ಆಮೇಲೆ ಒಂದು ಪೆನ್ಸಿಲ್ ತಗೊಳ್ಳಿ. ಈ ಪಾತ್ರಕ್ಕೆ ಈಗ ಏನು ಬೇಕು ಅಂತ ಕೇಳುವುದನ್ನು ರಷ್ಯಾದ ರಂಗ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ನಟರಿಗೆ ಕಲಿಸಿದ. ಪ್ರತಿ ಮಾತಿನ ಪಕ್ಕ ಒಂದು ಕ್ರಿಯೆ ಬರೆಯಿರಿ: ಬೇಡು, ತಡೆ, ಕೆಣಕು, ಒಪ್ಪಿಸು. "ದುಃಖ", "ಕೋಪ" ಅಂತ ಬರೆಯಬೇಡಿ. ಒಬ್ಬ ಮಗಳು ಅಮ್ಮನ ಹತ್ತಿರ ಫೀಸಿಗೆ ದುಡ್ಡು ಕೇಳಬೇಕು ಅಂದುಕೊಳ್ಳಿ. ಅವಳ ಮೊದಲ ಮಾತು "ಊಟ ಆಯ್ತಾಮ್ಮ?" ಪಕ್ಕದಲ್ಲಿ "ಮೆತ್ತಗೆ ಮಾಡು" ಅಂತ ಬರೆದುಕೊಂಡು ಆಡಿ ನೋಡಿ. ಅಮ್ಮ ಮೆತ್ತಗಾದಳಾ ಇಲ್ವಾ ಅಂತ ಅವಳ ಮುಖವನ್ನೇ ನೋಡುತ್ತೀರಿ. ನಿಮ್ಮ ಕೈ ಎಲ್ಲಿದೆ ಅನ್ನುವ ಯೋಚನೆಗೆ ಪುರುಸೊತ್ತೇ ಇರುವುದಿಲ್ಲ. ನನಗೆ ಗೊತ್ತಿರುವ ಎಲ್ಲಾ ಅಭ್ಯಾಸಗಳಲ್ಲಿ ಇದರಷ್ಟು ಬೇಗ ಕೆಲಸ ಮಾಡುವುದು ಇನ್ನೊಂದಿಲ್ಲ.

ದನಿ ಸಣ್ಣದು ಅಂತ ಕೊರಗುವವರು ಜಾಸ್ತಿ. ಬಹಳ ಸಲ ದನಿ ಸಾಕಷ್ಟಿರುತ್ತದೆ, ವಾಕ್ಯದ ಬಾಲ ನುಂಗಿರುತ್ತೇವೆ. ಕನ್ನಡದಲ್ಲಿ ವಿಷಯ ಇರುವುದೇ ಬಾಲದಲ್ಲಿ. "ಹೋಗು" ತನಕ ಕೇಳಿಸಿ ಮುಂದಿನದು ಕೇಳಿಸದಿದ್ದರೆ, ಹೋಗುತ್ತೇನೆ ಅಂದಳಾ, ಹೋಗುವುದಿಲ್ಲ ಅಂದಳಾ? ದಿನಾ ಒಂದು ವಚನ ತಗೊಂಡು ಟೆರೇಸಿನಲ್ಲಿ ನಡೆಯುತ್ತಾ ಓದಿ. ಕೊನೆಯ ಪದಕ್ಕೂ ಉಸಿರು ಉಳಿಸಿಕೊಳ್ಳಿ. ಹಾಲ್ ಸಿಕ್ಕಿದಾಗ ಗೆಳತಿಯನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಕೇಳಿಸದ ಮಾತಿಗೆಲ್ಲ ಕೈ ಎತ್ತಲು ಹೇಳಿ.

ಇನ್ನು ಇಂಗ್ಲಿಷ್. ಬೆಂಗಳೂರಿನ ಕ್ಲಾಸುಗಳಲ್ಲಿ ಚರ್ಚೆ ಇಂಗ್ಲಿಷಿನಲ್ಲಿ ನಡೆದಾಗ ಊರಿನಿಂದ ಬಂದವರು ಹಿಂದಿನ ಬೆಂಚಿಗೆ ಸರಿಯುತ್ತಾರೆ. ಸರಿಯಬೇಡಿ. ಹಿಂದಿನ ರಾತ್ರಿ ಎರಡು ಮೂರು ವಾಕ್ಯ ಬರೆದಿಟ್ಟುಕೊಂಡು ಮೊದಲೇ ಮಾತಾಡಿಬಿಡಿ. ಇಂಪ್ರೊವೈಸೇಶನ್, ಅಂದರೆ ಸ್ಕ್ರಿಪ್ಟ್ ಇಲ್ಲದೆ ಅಲ್ಲೇ ಹೊಳೆದದ್ದನ್ನು ಆಡುವುದನ್ನು, ಮಾತ್ರ ನಮ್ಮ ಊರ ಕನ್ನಡದಲ್ಲೇ ಮಾಡುತ್ತೇನೆ ಅಂತ ಮೇಷ್ಟ್ರನ್ನು ಕೇಳಿಕೊಳ್ಳಿ. ಕಲಬುರಗಿ ಮಾತಾಗಲಿ, ಕುಂದಾಪುರದ್ದಾಗಲಿ, ಅದು ಬಾಯಿಗೆ ಬಂದಾಗ ಮೈಯೂ ಸಡಿಲ ಆಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸಿನಿಮಾ ಕ್ಲಾಸಿನ ಭಯ ಬೇರೆ ತರಹ. ಪರದೆಯ ಮೇಲೆ ನಮ್ಮ ಮುಖ ನಮಗೇ ಸಹಿಸಲು ಆಗುವುದಿಲ್ಲ, ಅಲ್ವಾ? ಫೋನನ್ನು ಸ್ಟ್ಯಾಂಡಿಗೆ ಹಾಕಿ ಒಂದು ನಿಮಿಷದ ಮಾತನ್ನು ಕ್ಲೋಸ್‌ಅಪ್‌ನಲ್ಲಿ ಶೂಟ್ ಮಾಡಿ. ಅವತ್ತೇ ನೋಡಬೇಡಿ. ಮರುದಿನ ಮೊದಲು ಸೌಂಡ್ ಇಲ್ಲದೆ ನೋಡಿ, ಆಮೇಲೆ ಕಣ್ಣು ಮುಚ್ಚಿ ಬರೀ ಸೌಂಡ್ ಕೇಳಿ. ಚೆಂದ ಕಾಣುತ್ತೀನಾ ಅನ್ನುವ ಪ್ರಶ್ನೆ ಬೇಡ. ಯೋಚನೆ ಬದಲಾದ ಕ್ಷಣ ಕಣ್ಣಿನಲ್ಲಿ ಗೊತ್ತಾಗುತ್ತಿದೆಯಾ, ಅಷ್ಟು ನೋಡಿ. ಇನ್ನೊಬ್ಬರ ಶೂಟಿಂಗ್‌ನಲ್ಲಿ ಬೂಮ್ (ಉದ್ದ ಕೋಲಿನ ಮೈಕ್) ಹಿಡಿಯಿರಿ, ಕಂಟಿನ್ಯುಟಿ (ಶಾಟಿನಿಂದ ಶಾಟಿಗೆ ವೇಷ, ವಸ್ತು ಹೊಂದಲಿ ಅಂತ ಇಡುವ ಟಿಪ್ಪಣಿ) ಬರೆಯಿರಿ. ಸೌಂಡ್ ಮಾಡುವವರು ಆ ಜಾಗದ ಖಾಲಿ ಸದ್ದಿಗಾಗಿ, ಅಂದರೆ ರೂಮ್ ಟೋನ್‌ಗಾಗಿ "ಮೂವತ್ತು ಸೆಕೆಂಡ್ ಯಾರೂ ಅಲ್ಲಾಡಬೇಡಿ" ಅಂದರೆ ಡೈರೆಕ್ಟರ್ ಕೂಡ ಸುಮ್ಮನಾಗಬೇಕು. ಗಟ್ಟಿಯಾಗಿ ಮಾತಾಡಲು ಹಿಂಜರಿಯುವ ಹುಡುಗಿಗೆ ಆ ಕೆಲಸ ಬಹಳ ಒಳ್ಳೆಯದು.

ನೋಡುವುದನ್ನು ಬಿಡಬೇಡಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರಕ್ಕೆ, ಸಿನಿಮಾ ನೋಡಲು ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಗೆ, ನಾಟಕಕ್ಕೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಬೇಗ ಹೊರಡಿ. ಆಗುವುದಾದರೆ ಒಂದೇ ನಾಟಕವನ್ನು ಎರಡು ಸಲ ನೋಡಿ. ಎರಡನೇ ಸಲ ಮಾತಾಡುತ್ತಿರುವವರನ್ನು ಬಿಟ್ಟು, ಸುಮ್ನೆ ನಿಂತು ಕೇಳುತ್ತಿರುವ ನಟರನ್ನು ನೋಡಿ.

ನಿಮ್ಮ ಕೆಲಸ ತೋರಿಸಿದ ಮೇಲೆ ಟೀಕೆ ಬರುತ್ತದೆ. ಅಲ್ಲೇ ಉತ್ತರ ಕೊಡಲು ಹೋಗಬೇಡಿ, ಬರೆದುಕೊಳ್ಳಿ. "ಹೇಗಿತ್ತು?" ಅಂದರೆ ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. "ಎಲ್ಲಿ ಕೇಳಿಸಲಿಲ್ಲ? ಎಲ್ಲಿ ಬೇಜಾರಾಯ್ತು?" ಅಂತ ಕೇಳಿ. ಆದರೆ ಬಣ್ಣ, ದಪ್ಪ, ಮುಖದ ಬಗ್ಗೆ ಯಾರಾದರೂ ಮಾತಾಡಿದರೆ ಅದು ಟೀಕೆ ಅಲ್ಲ. ಅದನ್ನು ಬರೆದುಕೊಳ್ಳುವ ಅಗತ್ಯ ಇಲ್ಲ. ಹೇಳಿದವರು ಮೇಷ್ಟ್ರೇ ಆಗಿದ್ದರೂ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ ವಿಭಾಗದ ಮುಖ್ಯಸ್ಥರಿಗೆ ತಿಳಿಸಿ. ಒಳ್ಳೆಯ ನಟಿಯಾಗಬೇಕಿದ್ದ ಹುಡುಗಿಯರು ಇಂಥ ಒಂದು ಮಾತಿಗೆ ಕೋರ್ಸನ್ನೇ ಬಿಟ್ಟು ಹೋಗಿದ್ದಾರೆ. ಅದು ನನಗೆ ಇವತ್ತಿಗೂ ನೋವು.

ಶೋ ದಿನ ಎಲ್ಲರಿಗಿಂತ ಮುಂಚೆ ಹೋಗಿ. ಸ್ಟೇಜಿನ ನಾಲ್ಕೂ ಮೂಲೆಗೆ ನಡೆದು ಬನ್ನಿ, ಕೊನೆಯ ಸಾಲಿನಲ್ಲಿ ಸ್ವಲ್ಪ ಹೊತ್ತು ಕೂತು ಸ್ಟೇಜ್ ನೋಡಿ. ಹೊಟ್ಟೆ ಖಾಲಿ ಬಿಡಬೇಡಿ, ಎರಡು ಇಡ್ಲಿ ಸಾಕು. ನಿಮ್ಮ ಪ್ರಾಪರ್ಟಿ ನೀವೇ ಮುಟ್ಟಿ ನೋಡಿಕೊಳ್ಳಿ. ವಿಂಗಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಉಸಿರನ್ನು ನಿಧಾನಕ್ಕೆ ಪೂರ್ತಿ ಹೊರಗೆ ಬಿಟ್ಟು, ಪೆನ್ಸಿಲ್‌ನಲ್ಲಿ ಬರೆದ ಮೊದಲ ಕ್ರಿಯೆಯನ್ನು ಮನಸ್ಸಿನಲ್ಲಿ ಹೇಳಿಕೊಂಡು ಒಳಗೆ ಹೋಗಿ.